ಒಣಗಿದ ತುಣುಕು ನೆನೆಯುವ ತನಕ

ನನ್ನ ಮೊಮ್ಮಗಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾಳೆ. ಅವಳ ಗೆಳತಿಯರು ಮನೆಗೆ ಬಂದರೆ ಒಂದೇ ಪ್ರಶ್ನೆ: ಈಗ ಎಲ್ಲವನ್ನೂ ಯಂತ್ರವೇ ಮಾಡುತ್ತದೆ, ನೀವು ಅಷ್ಟು ವರ್ಷ ಮಾಡಿದ್ದಾದರೂ ಏನು? ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಫೋನ್ ನೋಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಕ್ತಲಿನ ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವಳು. ಕಾಗುಣಿತ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಕೆಲಸದ ಮಾತನ್ನು ಮಾತ್ರ ಮುಟ್ಟಬೇಡ ಅಂತ ಹೇಳಿದ್ದೇನೆ.

ತೆಲುಗು ಸೀಮೆಯ ಗದ್ವಾಲದ ಒಂದು ಖಾಸಗಿ ಲ್ಯಾಬಿನಲ್ಲಿ ನನ್ನ ಕೆಲಸ. ಊರಿನವರು ಕೇಳಿದರೆ ರಕ್ತ ಪರೀಕ್ಷೆ ಮಾಡುವ ಜಾಗ ಅನ್ನುತ್ತಿದ್ದೆ. ಮನುಷ್ಯರ ಮಾಂಸದ ತುಣುಕು ಕತ್ತರಿಸುತ್ತೇನೆ ಅಂದಿದ್ದರೆ ನನ್ನ ಕೈಯಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬಾಟಲಿ ತೊಳೆಯಲು ಸೇರಿದೆ. ಬಾಟಲಿ ತೊಳೆಯುವವಳ ಕೈ ನಡುಗುವುದಿಲ್ಲ ಅಂತ ನೋಡಿ ಡಾಕ್ಟರು ನನ್ನನ್ನು ಕತ್ತರಿಸುವ ಯಂತ್ರದ ಮುಂದೆ ಕೂರಿಸಿದರು. ಅಷ್ಟೇ ನನ್ನ ನೇಮಕಾತಿ.

ಕೆಲಸ ಹೀಗೆ. ಆಪರೇಷನ್ ಮಾಡಿ ತೆಗೆದ ತುಣುಕು ಫಾರ್ಮಲಿನ್ ನೀರಿನಲ್ಲಿ ಮುಳುಗಿಕೊಂಡು ಬರಬೇಕು. ಅದು ಮಾಂಸವನ್ನು ಕೊಳೆಯದಂತೆ ಇದ್ದ ಹಾಗೆ ಹಿಡಿದು ನಿಲ್ಲಿಸುತ್ತದೆ. ನಂತರ ಸ್ಪಿರಿಟಿನಲ್ಲಿ ಇಟ್ಟು ಒಳಗಿನ ನೀರು ತೆಗೆಯಬೇಕು, ಝೈಲೀನ್ ಅನ್ನುವ ಘಾಟು ದ್ರವದಲ್ಲಿ ಇಟ್ಟು ಸ್ಪಿರಿಟ್ ತೆಗೆಯಬೇಕು, ಕೊನೆಗೆ ಕರಗಿದ ಮೇಣ ಕುಡಿಸಬೇಕು. ಮೇಣ ಆರಿ ಗಟ್ಟಿಯಾದರೆ ಅದನ್ನು ಬ್ಲಾಕು ಅನ್ನುತ್ತೇವೆ. ಆ ಬ್ಲಾಕನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರವಿ, ಬಣ್ಣ ಹಾಕಿದರೆ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುತ್ತಾರೆ.

ನೀರು ತೆಗೆಯುವುದೇ ನಿಮ್ಮ ಕೆಲಸವಾದರೆ, ತುಣುಕು ಒಣಗಿ ಬಂತು ಅಂತ ಯಾಕೆ ಬೈಯುತ್ತಿದ್ದಿರಿ ಅಂತ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮನೆಯಿಂದ ಒಬ್ಬೊಬ್ಬರನ್ನೇ ಕೈಹಿಡಿದು ಹೊರಗೆ ಕರೆತರುವುದು ಬೇರೆ, ಛಾವಣಿ ಕುಸಿದು ಎಲ್ಲರೂ ಅಡಿಯಲ್ಲಿ ಸಿಕ್ಕುವುದು ಬೇರೆ. ನಾವು ಮೆಲ್ಲಗೆ ತೆಗೆದ ನೀರಿನ ಜಾಗಕ್ಕೆ ಮೇಣ ಬಂದು ನಿಲ್ಲುತ್ತದೆ. ಗಾಳಿ ತೆಗೆದ ನೀರಿನ ಜಾಗಕ್ಕೆ ಏನೂ ಬರುವುದಿಲ್ಲ. ಜೀವಕೋಶಗಳು ಒಂದರ ಮೇಲೊಂದು ಮುದುಡಿ ಕಪ್ಪಗಾಗುತ್ತವೆ. ಯಾವುದು ಏನು ಅಂತ ಗುರುತು ಸಿಗುವುದಿಲ್ಲ.

ನಮ್ಮ ಡಾಕ್ಟರ ಹೆಸರು ವಾದಿರಾಜ. ರಾಯಚೂರಿನವರು, ರೈಲಿನಲ್ಲಿ ಬಂದು ಹೋಗುತ್ತಿದ್ದರು. ಏಕಾದಶಿಯ ದಿನ ಹನಿ ನೀರು ಮುಟ್ಟದೆ ಕೂರುತ್ತಿದ್ದರು. ಆ ದಿನ ಬೈಗುಳ ಕಡಿಮೆ, ಬಾಯಿ ಒಣಗಿರುತ್ತಿತ್ತು. ಉಳಿದ ದಿನ ಸಣ್ಣ ತಪ್ಪಿಗೂ ಜೋರು ಮಾಡುತ್ತಿದ್ದರು. ದೊಡ್ಡ ತಪ್ಪಿಗೆ ಮಾತ್ರ ಜೋರು ಮಾಡುತ್ತಿರಲಿಲ್ಲ, ಸುಮ್ಮನೆ ಎದ್ದು ಕೈ ತೊಳೆದುಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಅವರು ಕೈ ತೊಳೆದುಕೊಂಡರೆ ನಮಗೆ ಭಯ.

ನಾನು ಸೇರಿದಾಗ ಯಂತ್ರ ಒಂದೇ, ಕತ್ತರಿಸುವುದು. ಉಳಿದದ್ದೆಲ್ಲ ಗಾಜಿನ ಜಾಡಿಗಳಲ್ಲಿ ಕೈಯಿಂದಲೇ. ಉಕ್ಕಿನ ಅಲಗನ್ನು ಹಜಾಮರ ಹಾಗೆ ತೊಗಲಿನ ಪಟ್ಟಿಯ ಮೇಲೆ ಮಸೆಯಬೇಕಿತ್ತು. ಮಸೆಯುವುದೇ ಬೆಳಗಿನ ಅರ್ಧ ಕೆಲಸ. ಈಗ ಅಲಗು ಬಳಸಿ ಬಿಸಾಡುವುದು, ತುಣುಕುಗಳನ್ನು ಜಾಡಿಯಿಂದ ಜಾಡಿಗೆ ದಾಟಿಸುವ ಯಂತ್ರವೂ ಬಂದಿದೆ. ಒಳ್ಳೆಯದೇ ಆಯಿತು. ಆಗಿನದೇ ಛಲೋ ಇತ್ತು ಅಂತ ನಾನು ಹೇಳುವುದಿಲ್ಲ. ಝೈಲೀನಿನ ಗಾಳಿ ಕುಡಿದು ಕುಡಿದು ಮಧ್ಯಾಹ್ನಕ್ಕೆ ತಲೆ ತಿರುಗುತ್ತಿತ್ತು, ಊಟ ಸೇರುತ್ತಿರಲಿಲ್ಲ.

ತುಣುಕುಗಳು ಹೇಗೆ ಹೇಗೆ ಬರುತ್ತಿದ್ದವು ಅಂತ ಹೇಳುತ್ತೇನೆ. ನಾರಾಯಣಪೇಟೆಯ ಒಂದು ನರ್ಸಿಂಗ್ ಹೋಮಿನಿಂದ ಪಿತ್ತಕೋಶವೊಂದು ಸಪೂರ ಕತ್ತಿನ ಬಾಟಲಿಯಲ್ಲಿ ಬಂತು. ಹಾಕುವಾಗ ಮೆತ್ತಗಿತ್ತು, ಜಾರಿಕೊಂಡು ಹೋಗಿದೆ. ಫಾರ್ಮಲಿನ್ ಕುಡಿದು ಗಟ್ಟಿಯಾಗಿ ಕೂತ ಮೇಲೆ ಹೊರಗೆ ಬರಲೊಲ್ಲದು. ಚಿಮಟದಿಂದ ಎಳೆಯಲು ಹೋದೆ. ಡಾಕ್ಟರು ಕೈ ಹಿಡಿದರು. ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಒಡೆಸಿದರು. ಬಾಟಲಿ ಬೇರೆ ಸಿಗುತ್ತದೆ, ಪಿತ್ತಕೋಶ ಸಿಗುವುದಿಲ್ಲ ಅಂದರು.

ಇನ್ನೊಂದು, ಮಾಗನೂರಿನ ಕಡೆಯ ಒಬ್ಬ ಗಂಡಸಿನ ನಾಲಿಗೆಯ ಅಂಚಿನ ಹುಣ್ಣಿನದು. ಫಾರ್ಮಲಿನ್ ಮುಗಿದಿತ್ತು ಅಂತ ಅಲ್ಲಿನ ನರ್ಸಮ್ಮ ಅದನ್ನು ಗ್ಲೂಕೋಸ್ ಏರಿಸುವ ನೀರಿನಲ್ಲಿ ಹಾಕಿ ಕಳಿಸಿದ್ದಳು. ಬರುವಷ್ಟರಲ್ಲಿ ಕೊಳೆತು ಲೋಳೆಯಾಗಿತ್ತು. ಒಂದು ಸ್ಲೈಡೂ ಬರಲಿಲ್ಲ. ಮತ್ತೊಮ್ಮೆ ತುಣುಕು ತೆಗೆಸಿಕೊಳ್ಳಲು ಹೇಳಿ ಕಳಿಸಿದೆವು. ಅಷ್ಟರಲ್ಲಿ ಆ ಮನುಷ್ಯ ಕೆಲಸಕ್ಕೆ ಅಂತ ಪುಣೆಗೆ ಹೋಗಿದ್ದ. ಹುಣ್ಣು ಬಾಯಿ ತುಂಬ ಹಬ್ಬಿದ ಮೇಲೆ ವಾಪಸು ಬಂದ. ಆಮೇಲೆ ಯಾರೂ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಓದಲು ಬರಲಿಲ್ಲ ಅಂತ ನಾವು ಬರೆದು ಕೊಟ್ಟರೆ ನಮ್ಮ ಕಡೆಯ ಜನ ಅದನ್ನು ಏನೂ ಇಲ್ಲ ಅಂತ ಓದಿಕೊಳ್ಳುತ್ತಾರೆ.

ಈಗ ಪದ್ಮಳ ತುಣುಕಿನ ಮಾತು.

ಬೇಸಿಗೆಯ ಒಂದು ಸೋಮವಾರ ನರ್ಸಿಂಲು ಅನ್ನುವ ನೇಕಾರ ಮಕ್ತಲಿನಿಂದ ಬಂದ. ಗದ್ವಾಲದ ಸಾಹುಕಾರರಿಗೆ ಸೀರೆ ನೇಯ್ದು ಕೊಡುವವನು. ಬಾಟಲಿಯನ್ನು ಮೇಜಿನ ಮೇಲೆ ಇಟ್ಟ. ಅದರಲ್ಲಿ ಫಾರ್ಮಲಿನ್ ಇರಲಿಲ್ಲ, ಮಗ್ಗದ ಹರಿದ ನೂಲಿನ ಒಂದು ಉಂಡೆ ಇತ್ತು. ಬಿಚ್ಚಿದೆ. ಒಳಗೆ ಕಂದು ಬಣ್ಣದ ತುಣುಕು, ಅಟ್ಟದ ಮೇಲೆ ಮರೆತುಹೋದ ಹುಣಸೆಹಣ್ಣಿನ ಹಾಗೆ. ಟೇಬಲ್ಲಿಗೆ ತಾಗಿಸಿದರೆ ಟಕ್ ಅಂದಿತು.

"ನೀರು ಎಲ್ಲೈತಪ್ಪಾ?" ಅಂದೆ.

"ಚೆಲ್ಲೀನಮ್ಮಾ."

ಅವನು ಹೇಳಿದ್ದು ಇಷ್ಟು. ಶನಿವಾರ ಮಕ್ತಲಿನ ಸರ್ಜನ್ ಅವನ ಹೆಂಡತಿ ಪದ್ಮಳ ಎಡ ಮೊಲೆಯಿಂದ ಗಂಟು ತೆಗೆದು ಬಾಟಲಿಗೆ ಹಾಕಿಸಿ, ಗದ್ವಾಲದ ಲ್ಯಾಬಿಗೆ ಕೊಟ್ಟು ಬಾ ಅಂದಿದ್ದಾರೆ. ಅವನಿಗೆ ಹೇಗೂ ಅದೇ ದಿನ ಸಾಹುಕಾರರಿಗೆ ಮದುವೆಯ ರೇಷ್ಮೆ ಸೀರೆ ಒಪ್ಪಿಸಬೇಕಿತ್ತು. ಸೀರೆ, ಬಾಟಲಿ ಎರಡೂ ಒಂದೇ ಚೀಲದಲ್ಲಿ. ಬಸ್ಸಿನಲ್ಲಿ ಮುಚ್ಚಳ ಸಡಿಲಾಗಿ ಸೋರಿದೆ. ಸುತ್ತಲಿನವರ ಕಣ್ಣಲ್ಲಿ ನೀರು, ಕಂಡಕ್ಟರ್ ಬೈಗುಳ. ಸೀರೆಯ ಜರಿಗೆ ಆ ನೀರು ತಾಗಿದರೆ ಕಪ್ಪಾಗುತ್ತದೆ ಅಂತ ಇವನಿಗೆ ಜೀವ ಹೋದ ಹಾಗಾಗಿದೆ. ಜೂರಾಲಾ ಅಣೆಕಟ್ಟಿನ ಹತ್ತಿರ ಬಸ್ಸು ನಿಂತಾಗ ಇಳಿದು ನೀರನ್ನೆಲ್ಲ ಚೆಲ್ಲಿ, ತುಣುಕನ್ನು ನೂಲಿನಲ್ಲಿ ಸುತ್ತಿದ್ದಾನೆ. ಗದ್ವಾಲ ಮುಟ್ಟುವಷ್ಟರಲ್ಲಿ ಲ್ಯಾಬು ಮುಚ್ಚಿತ್ತು. ಭಾನುವಾರ ರಜೆ. ಇಲ್ಲೇ ಅತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದಾನೆ.

"ಹಸಿ ನೂಲು ಬೂಸ್ಟು ಹಿಡೀತೈತಿ, ಒಣಗಿದ್ದು ಕೆಡಂಗಿಲ್ಲ. ಅದಕ್ಕ ನಿನ್ನಿ ಪೂರಾ ಬಿಸಿಲಿಗಿಟ್ಟೆ. ಬೆಕ್ಕು ಬರ್ತೈತಂತ ಪಕ್ಕಕ್ಕ ಕುಂತು ಕಾದೀನಿ."

"ಬೆಕ್ಕ ಒಯ್ದಿದ್ರ ಛಲೋ ಇತ್ತು," ಅಂದೆ. "ನಮಗ ನೋಡೋ ಕೆಲಸ ತಪ್ಪುತ್ತಿತ್ತು."

ಅವನ ಮುಖ ನೋಡಿದರೆ ಏನು ತಪ್ಪು ಮಾಡಿದೆ ಅಂತಲೇ ಗೊತ್ತಿರಲಿಲ್ಲ. ಅವನ ಲೆಕ್ಕ ಅವನ ಕಸುಬಿಗೆ ಸರಿ. ಮಳೆಗಾಲದಲ್ಲಿ ನೂಲನ್ನು ಉಳಿಸಿಕೊಳ್ಳುವುದು ಹಾಗೆಯೇ.

ಡಾಕ್ಟರು ಮಕ್ತಲಿನ ಸರ್ಜನ್ನಿಗೆ ಫೋನ್ ಮಾಡಿದರು. ಗಂಟನ್ನು ಪೂರಾ ತೆಗೆದಾಗಿದೆ, ಅಲ್ಲಿ ಇನ್ನೇನೂ ಉಳಿದಿಲ್ಲ ಅಂದರಂತೆ. ಹೆಂಗಸು ಹಾಲೂಡುವ ತಾಯಿ. ಹಾಲು ಕಟ್ಟಿದ ಗಂಟು ಇರಬಹುದು, ಕ್ಯಾನ್ಸರ್ ಇರಬಹುದು. ನಮ್ಮಿಂದ ಏನೂ ಬಾರದಿದ್ದರೆ ಅವರಿಗೂ ಮುಂದಿನ ದಾರಿ ಇಲ್ಲ.

ನಾನು ಡಾಕ್ಟರಿಗೆ ನೇರವಾಗಿ ಹೇಳಿದೆ: ಇದು ಆಗುವ ಕೆಲಸವಲ್ಲ, ಬರೆದು ಕೊಟ್ಟು ಕಳಿಸಿಬಿಡಿ. ಡಾಕ್ಟರು ತುಣುಕನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಬೈಯಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡರು.

"ನೆನಸೋಣ ಬಾಲಮ್ಮ. ಮ್ಯಾಲೆ ಸುಟ್ಟದ ಅಂತ ಒಳಗೂ ಸುಟ್ಟದ ಅಂತ ಹೇಳಲಿಕ್ಕೆ ಬರಂಗಿಲ್ಲ."

ನಮ್ಮ ಟೆಕ್ನಿಷಿಯನ್ ಶಬಾನಾ. ಗದ್ವಾಲದವಳೇ, ಡಿಪ್ಲೊಮಾ ಮಾಡಿ ಬಂದವಳು, ಚುರುಕು. ಒಣಗಿದ ಮಾಂಸವನ್ನು ಮೆತ್ತಗೆ ಮಾಡುವ ದ್ರಾವಣದ ಪಾಠ ಅವಳಿಗೆ ನೆನಪಿತ್ತು. ನೀರು, ಸ್ಪಿರಿಟ್, ಸ್ವಲ್ಪ ಫಾರ್ಮಲಿನ್, ಸ್ವಲ್ಪ ಬಟ್ಟೆ ಒಗೆಯುವ ಸೋಡಾ. ಅಳೆದು ಕಲಸಿದಳು. ನೂಲಿನ ಎಳೆಗಳು ತುಣುಕಿಗೆ ಅಂಟಿ ಹೋಗಿದ್ದವು. ಒಂದು ಎಳೆ ಉಳಿದರೂ ಕೊಯ್ಯುವಾಗ ಅಲಗಿಗೆ ಸಿಕ್ಕಿ ಸ್ಲೈಡನ್ನು ಉದ್ದಕ್ಕೂ ಗೀರುತ್ತದೆ. ಒಣಗಿರುವಾಗ ಕಿತ್ತರೆ ಎಳೆಯ ಜೊತೆ ಮಾಂಸವೂ ಬರುತ್ತದೆ. ಅದಕ್ಕೆ ನೂಲಿನ ಸಮೇತ ಮುಳುಗಿಸಿ ಇಟ್ಟೆವು.

ಇಲ್ಲಿ ಎರಡು ಭಯ. ಬೇಗ ತೆಗೆದರೆ ಒಳಗೆ ಕಲ್ಲು. ತಡ ಮಾಡಿದರೆ ಸೋಡಾ ಹೊರಗಿನಿಂದ ತಿಂದುಕೊಂಡು ಬರುತ್ತದೆ, ತುಣುಕು ಅಂಬಲಿಯಾಗುತ್ತದೆ. ಗಡಿಯಾರ ನೋಡಿ ಹೇಳುವ ಕೆಲಸವಲ್ಲ. ಆಗಾಗ ಚಿಮಟದ ತುದಿಯಿಂದ ಒತ್ತಿ ನೋಡಬೇಕು. ಒತ್ತಿದ್ದು ಮೆಲ್ಲಗೆ ಮೇಲೆದ್ದರೆ ಆಯಿತು ಅಂತ. ಒತ್ತಿದ್ದು ಒತ್ತಿದಂತೆಯೇ ಉಳಿದರೆ ತಡವಾಯಿತು ಅಂತ.

ಮರುದಿನ ಬೆಳಿಗ್ಗೆ ಪದ್ಮ ತಾನೇ ಬಂದಳು. ಎದೆಗೆ ಪಟ್ಟಿ, ಬಲಗಡೆ ಮಗು. ಸಣ್ಣ ವಯಸ್ಸು, ಗಟ್ಟಿ ಹೆಂಗಸು. ಗಂಡ ಮಾಡಿದ ಕೆಲಸ ಅವಳಿಗೆ ಗೊತ್ತಾಗಿತ್ತು. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ನನ್ನ ಹತ್ತಿರ ಬಂದು ಕೂತಳು.

"ಅಕ್ಕಾರ, ಏನರ ಗೊತ್ತಾಗ್ತೈತಾ?"

"ಗೊತ್ತಿಲ್ಲವಾ," ಅಂದೆ. ಸುಳ್ಳು ಧೈರ್ಯ ಹೇಳುವುದು ನನಗೆ ಬರುವುದಿಲ್ಲ.

"ಗೊತ್ತಾಗಲಿಲ್ಲಂದ್ರ ನಾ ಊರಿಗೆ ಹೋಗಾಕಿ. ಹಾಸಿನ ನೂಲು ಮಗ್ಗದ ಮ್ಯಾಲೆ ಐತಿ. ಒಮ್ಮೆ ಕೊಯ್ಸಿಕೊಂಡೀನಿ. ಹೆಸರಿಲ್ಲದ ರೋಗಕ್ಕ ಇನ್ನೊಮ್ಮೆ ಕೊಯ್ಸಿಕೊಳ್ಳಂಗಿಲ್ಲ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ, ನಿರ್ಧಾರ ಹೇಳಿದಳು. ಮಾಗನೂರಿನವನ ನಾಲಿಗೆ ನನ್ನ ಕಣ್ಣ ಮುಂದೆ ಬಂತು. ಇವಳೂ ಹೋದರೆ ವಾಪಸು ಬರುವವಳಲ್ಲ.

ಮಂಗಳವಾರ ಮಧ್ಯಾಹ್ನಕ್ಕೆ ತುಣುಕು ಒತ್ತಿದರೆ ಮೇಲೆದ್ದಿತು. ದೀಪದ ಕೆಳಗಿಟ್ಟುಕೊಂಡು ನೂಲಿನ ಎಳೆ ಒಂದೊಂದೇ ಬಿಡಿಸಿದೆ. ನೆನೆದ ಮೇಲೆ ಅವು ತಾವಾಗಿ ಬಂದವು. ಡಾಕ್ಟರು ನಡುವೆ ಕೊಯ್ದು ಎರಡು ಭಾಗ ಮಾಡಿದರು. ಮೂವರೂ ಬಗ್ಗಿ ನೋಡಿದೆವು. ಹೊರಗಿನ ಸುತ್ತು ಕಂದು, ಒಳಗೆ ಬೆಳ್ಳಗಿನ ತಿರುಳು. ಒಳಗಿನ ತನಕ ಬಿಸಿಲು ಮುಟ್ಟಿರಲಿಲ್ಲ.

ಎಲ್ಲವನ್ನೂ ಒಂದೇ ಸಲ ಹಾಕುವುದು ಬೇಡ ಅಂದರು ಡಾಕ್ಟರು. ಒಂದು ಭಾಗ ಫಾರ್ಮಲಿನಿನಲ್ಲಿ ಕಾದಿರಲಿ, ಇನ್ನೊಂದು ಯಂತ್ರಕ್ಕೆ ಹೋಗಲಿ, ಬುಧವಾರ ಬೆಳಿಗ್ಗೆ ಬ್ಲಾಕು ಸಿಗುತ್ತದೆ. ಗುರುವಾರದ ಬಸ್ಸು ಅವರ ತಲೆಯಲ್ಲೂ ಇತ್ತು. ಶಬಾನಾ ಅದನ್ನು ಆ ದಿನದ ಉಳಿದ ತುಣುಕುಗಳ ಜೊತೆ ಯಂತ್ರಕ್ಕೆ ಹಾಕಿದಳು. ನಾವು ಮನೆಗೆ ಹೋದ ಮೇಲೆ ಕರೆಂಟು ಹೋಗಿದೆ. ಯಂತ್ರ ತುಣುಕುಗಳ ಬುಟ್ಟಿಯನ್ನು ಒಂದು ಜಾಡಿಯಿಂದ ಎತ್ತಿ ಇನ್ನೊಂದಕ್ಕೆ ಇಳಿಸುವ ನಡುವೆ ಗಾಳಿಯಲ್ಲೇ ನಿಂತಿದೆ. ಬುಧವಾರ ಬೆಳಿಗ್ಗೆ ನಾವು ಬಂದಾಗ ಬುಟ್ಟಿ ಹಾಗೆಯೇ ತೂಗಾಡುತ್ತಿತ್ತು. ಅಷ್ಟು ಪಾಡು ಪಟ್ಟು ನೆನೆಸಿದ್ದು ಮತ್ತೆ ಗಾಳಿಗೆ.

ಬೇರೆ ತುಣುಕುಗಳು ದೊಡ್ಡವು, ತಡೆದುಕೊಂಡವು. ಇದಕ್ಕೆ ಮೇಣ ಕುಡಿಸಿ ಬ್ಲಾಕು ಮಾಡಿ ಕತ್ತರಿಸುವ ಯಂತ್ರಕ್ಕೆ ಕೂರಿಸಿದೆ. ಅಲಗು ತಾಗಿಸಿದ ಕೂಡಲೇ ತಿಳಿಯಿತು. ಸರಿಯಾಗಿ ಮೇಣ ಕುಡಿದ ಬ್ಲಾಕು ಕೊಯ್ದರೆ ಸದ್ದು ಇರುವುದಿಲ್ಲ. ಇದು ಕರಕರ ಅಂದಿತು. ಕೊಯ್ದು ಬಂದ ಪಟ್ಟಿಯ ನಡುವೆ ತೂತು. ತಿರುಳಿಗೆ ಮೇಣ ಮುಟ್ಟಿರಲಿಲ್ಲ, ಸುಣ್ಣದ ಪುಡಿಯಂತೆ ಉದುರಿ ಹೋಯಿತು. ಸಿಕ್ಕಿದ್ದು ಅಂಚು ಮಾತ್ರ.

ಅಂಚಿನ ಸ್ಲೈಡನ್ನು ಡಾಕ್ಟರು ಬಹಳ ಹೊತ್ತು ನೋಡಿದರು. ನರ್ಸಿಂಲು ಒಳಗೆ ಬಂದು ನಿಂತಿದ್ದ. ಜೀವಕೋಶಗಳು ಕಪ್ಪಗಿವೆ ಅಂದರು. ಕ್ಯಾನ್ಸರಿನ ಜೀವಕೋಶಗಳೂ ಕಪ್ಪಗಿರುತ್ತವೆ, ಒಣಗಿ ಮುದುಡಿದವೂ ಕಪ್ಪಗಿರುತ್ತವೆ. ಇದು ಯಾವ ಕಪ್ಪು ಅಂತ ಅಂಚನ್ನು ನೋಡಿ ಹೇಳಲಾಗದು.

ನರ್ಸಿಂಲು ಕೈ ಮುಗಿದ. "ಏನೂ ಕಾಣ್ಸಲಿಲ್ಲಂದ್ರ ಏನೂ ಇಲ್ಲಂತ ಬರದು ಕೊಡ್ರಿ ಸಾರ್. ಆಕಿ ಮನಸ್ಸಿಗೆ ಸಮಾಧಾನ ಆಗ್ತೈತಿ."

"ಕಾಣಲಿಲ್ಲ ಅಂತ ಬರೀತೀನಪ್ಪಾ," ಅಂದರು ಡಾಕ್ಟರು. "ಇಲ್ಲ ಅಂತ ಬರಿಯಂಗಿಲ್ಲ."

ಅವನು ಹೊರಗೆ ಹೋದ. ಶಬಾನಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಯಂತ್ರಕ್ಕೆ ಹಾಕಿದವಳು ತಾನು ಅಂತ. ಕರೆಂಟು ನಿನ್ನ ಅಪ್ಪನ ಮನೆಯದೇನೂ ಅಲ್ಲ, ಮೇಣ ಕಾಯಿಸಲು ಇಡು ಅಂದೆ. ಅವಳಿಗೆ ನನ್ನ ಮೇಲೆ ಸಿಟ್ಟು ಬಂತು. ಬಂದದ್ದೇ ಒಳ್ಳೆಯದಾಯಿತು, ಅಳು ನಿಂತಿತು.

ಈಗ ಎರಡು ಕೆಲಸ ಒಟ್ಟಿಗೆ. ಕೆಟ್ಟ ಬ್ಲಾಕನ್ನು ಬಿಸಾಡುವಂತಿಲ್ಲ, ಅದನ್ನು ಹಿಂದಕ್ಕೆ ನಡೆಸಬೇಕು. ಮೇಣ ಕರಗಿಸಿ ಒರೆಸಿ, ಝೈಲೀನಿಗೆ, ಅಲ್ಲಿಂದ ಸ್ಪಿರಿಟಿಗೆ, ಅಲ್ಲಿಂದ ನೀರಿನಂಶದ ದ್ರಾವಣಕ್ಕೆ ಮರಳಿಸಿ, ಮತ್ತೆ ಮೊದಲಿನಿಂದ ಮುಂದಕ್ಕೆ ಬರಬೇಕು. ಅದು ಶಬಾನಾಳ ಪಾಲು. ಕಾದಿಟ್ಟ ಇನ್ನೊಂದು ಭಾಗ ನನ್ನ ಪಾಲು, ಯಂತ್ರ ಬೇಡ, ಹಳೆಯ ಜಾಡಿಗಳಲ್ಲಿ ಕೈಯಿಂದಲೇ. ಡಾಕ್ಟರು ಅದನ್ನು ಇನ್ನೂ ತೆಳ್ಳಗೆ ಸೀಳಿ ಕೊಟ್ಟರು, ದ್ರಾವಣ ಬೇಗ ಒಳಗೆ ಹೋಗಲಿ ಅಂತ.

ಬುಧವಾರದ ಉಳಿದ ಹೊತ್ತೆಲ್ಲ ಸ್ಪಿರಿಟಿನಲ್ಲೇ ಕಳೆಯಿತು. ನೀರು ಬೆರೆಸಿದ ತೆಳು ಸ್ಪಿರಿಟಿನಿಂದ ಶುರು ಮಾಡಿ, ಒಂದೊಂದು ಮೆಟ್ಟಿಲು ಗಡಸು ಮಾಡುತ್ತಾ ಹೋಗಬೇಕು. ಒಮ್ಮೆಲೇ ಗಡಸಿಗೆ ಹಾಕಿದರೆ ಹೊರಗಿನ ಸುತ್ತು ಬಿಗಿದುಕೊಂಡು ಒಳಗಿನ ನೀರನ್ನು ಒಳಗೇ ಕೂಡಿಹಾಕುತ್ತದೆ. ಕಡೆಯ ಗಡಸು ಸ್ಪಿರಿಟಿನಲ್ಲಿ ಬಿಟ್ಟು ಮನೆಗೆ ಹೋದೆ. ಗುರುವಾರ ಬೆಳಿಗ್ಗೆ ಬಂದವಳೇ ಝೈಲೀನಿಗೆ ಹಾಕಿದೆ. ಇಲ್ಲಿ ಒಂದು ಗುರುತಿದೆ. ಹುಡುಗಿಯರೇ, ಇದನ್ನು ನಿಮ್ಮ ಕಣ್ಣಿಂದ ಕಲಿಯಿರಿ. ಸ್ಪಿರಿಟ್ ಸರಿಯಾಗಿ ನೀರನ್ನು ತೆಗೆದಿದ್ದರೆ ತುಣುಕು ಝೈಲೀನಿನಲ್ಲಿ ಎಣ್ಣೆ ಸವರಿದ ಕಾಗದದಂತಾಗುತ್ತದೆ, ಬೆಳಕು ದಾಟುತ್ತದೆ. ಎತ್ತಿ ಕಿಟಕಿಗೆ ಹಿಡಿದೆ. ಬೆಳಕು ದಾಟಿತು, ನಡುವೆ ಒಂದು ಕಡೆ ಮಾತ್ರ ದಾಟಲಿಲ್ಲ. ಜೋಳದ ನುಚ್ಚಿನಷ್ಟು ಬಿಳಿ ಚುಕ್ಕೆ. ಅಲ್ಲಿ ಇನ್ನೂ ನೀರು ಇತ್ತು.

ಪದ್ಮ ಹೊರಗಿನ ಬೆಂಚಿನ ಮೇಲೆ ಚೀಲ ಕಟ್ಟಿಕೊಂಡು ಕೂತಿದ್ದಳು. ಮಧ್ಯಾಹ್ನದ ಬಸ್ಸು.

ಸಾಕು, ಮೇಣಕ್ಕೆ ಹಾಕೋಣ ಅಂದಳು ಶಬಾನಾ. ನನಗೂ ಹಾಗೇ ಅನಿಸಿತು. ಅಷ್ಟು ಸಣ್ಣ ಚುಕ್ಕೆ, ಸುತ್ತಲಿನದು ಸಿಕ್ಕರೆ ಸಾಲದೇ? ಡಾಕ್ಟರು ಕಿಟಕಿಯ ಹತ್ತಿರ ಬಂದು ನೋಡಿದರು.

"ಸುಟ್ಟ ಅಂಚು ನೋಡೀವಿ. ನಾವು ಓದಬೇಕಾದದ್ದು ಆ ಚುಕ್ಕಿನೇ ಬಾಲಮ್ಮ. ಹಿಂದಕ್ಕ ಹಾಕು."

ಮತ್ತೆ ಸ್ಪಿರಿಟಿಗೆ ಹಾಕಿದೆ. ಹಿಂದಕ್ಕೆ ಹಾಕುವ ಪ್ರತಿಯೊಂದು ಸಲ ಹೊರಗಿನ ಸುತ್ತು ಇನ್ನಷ್ಟು ಪೆಡಸಾಗುತ್ತದೆ, ಕೊಯ್ಯುವಾಗ ಬಿರಿಯುತ್ತದೆ. ಒಳಗಿನದನ್ನು ಉಳಿಸಿಕೊಳ್ಳಲು ಹೊರಗಿನದನ್ನು ಬಿಟ್ಟುಕೊಡುವುದು.

ನಾನು ಹೊರಗೆ ಹೋಗಿ ಪದ್ಮಳ ಮುಂದೆ ನಿಂತೆ. ಬಸ್ಸಿಗೆ ಹೋಗಬೇಡ ಅಂದೆ. ಯಾಕೆ, ಏನಾದರೂ ಸಿಕ್ಕಿತಾ ಅಂದಳು. ಇಲ್ಲ, ಸಿಗುತ್ತದೆ ಅಂತಲೂ ಹೇಳುವುದಿಲ್ಲ, ಆದರೆ ನಾಳೆ ಸಂಜೆಯ ತನಕ ಕೂಡು ಅಂದೆ.

"ಹಾಸು ಒಣಗಿ ಎಳಿ ಹರೀತೈತಿ ಅಕ್ಕಾರ."

"ಒಣಗಲಿ. ಒಣಗಿದ್ದಕ್ಕ ಏನು ಮಾಡಬೇಕಂತ ಇಲ್ಲಿ ಕಲ್ತೀವಲ್ಲ, ನಿನ್ನ ಹಾಸಿಗೂ ಮಾಡ್ತೀವಿ."

ಅವಳು ನಗಲಿಲ್ಲ. ನಾನೂ ನಗಿಸಲು ಹೇಳಿರಲಿಲ್ಲ. ಆದರೆ ಚೀಲದ ಗಂಟು ಬಿಚ್ಚಿ ಮಗುವಿನ ಬಟ್ಟೆ ತೆಗೆದಳು.

ಸಂಜೆ ಮತ್ತೆ ಝೈಲೀನಿನಿಂದ ಎತ್ತಿ ಹಿಡಿದಾಗ ಪೂರಾ ಬೆಳಕು ದಾಟಿತು. ಮೇಣಕ್ಕೆ ಇಳಿಸಿದೆ. ಕರೆಂಟು ಆಟವಾಡುತ್ತಲೇ ಇತ್ತು. ಮೇಣ ಹೆಪ್ಪುಗಟ್ಟಿದರೆ ಒಳಗೆ ಹೋಗುವುದಿಲ್ಲ, ಅತಿಯಾಗಿ ಕಾದರೆ ಮಾಂಸ ಬೇಯುತ್ತದೆ. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಥರ್ಮಾಮೀಟರು ನೋಡುತ್ತಾ ಶಬಾನಾ ಚಹಾದ ಸ್ಟೌ ಹಚ್ಚಿ ಆರಿಸಿ ಮಾಡಿದಳು. ಡಾಕ್ಟರು ರಾಯಚೂರಿನ ರೈಲು ಬಿಟ್ಟು ಕೂತರು.

ಶುಕ್ರವಾರ ಬೆಳಿಗ್ಗೆ ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ತಂಪು ಮಾಡಿ ಯಂತ್ರಕ್ಕೆ ಕೂರಿಸಿದೆ. ಮೊದಲ ಕೊಯ್ತ ಬಿರಿಯಿತು. ಎರಡನೆಯದೂ ಬಿರಿಯಿತು. ನಿಲ್ಲಿಸಿದೆ. ಬಿರಿಯುವ ಬ್ಲಾಕನ್ನು ಕೊಯ್ಯುತ್ತಲೇ ಹೋದರೆ ತುಣುಕೇ ಮುಗಿದು ಹೋಗುತ್ತದೆ, ಕೈಗೆ ಪುಡಿ ಉಳಿಯುತ್ತದೆ. ಹನಿ ಗ್ಲಿಸರಿನ್ ಹಾಕಿದ ತಣ್ಣೀರಿನಲ್ಲಿ ಬ್ಲಾಕಿನ ಮುಖ ಅದ್ದಿ ಇಟ್ಟು ಕಾದೆವು. ತಿರುಗಿ ಕೂರಿಸಿ, ಬಗ್ಗಿ ಬ್ಲಾಕಿನ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟೆ. ಇದು ಪುಸ್ತಕದಲ್ಲಿಯೂ ಇದೆಯಂತೆ, ಶಬಾನಾ ಹೇಳಿದಳು. ಚಕ್ರ ತಿರುಗಿಸಿದೆ. ಸದ್ದಿಲ್ಲ. ಪಟ್ಟಿ ಒಂದಕ್ಕೊಂದು ಅಂಟಿಕೊಂಡು ಇಳಿಯಿತು, ನಡುವೆ ತೂತಿಲ್ಲ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಂಡೆ.

ಬಣ್ಣ ಹಾಕಿ ಡಾಕ್ಟರ ಮುಂದೆ ಇಟ್ಟೆವು. ಅವರು ನೋಡಿದರು. ಶಬಾನಾ ಹಿಂದಕ್ಕೆ ನಡೆಸಿದ ಬ್ಲಾಕಿನದೂ ಒಂದು ಸ್ಲೈಡು ಬಂದಿತ್ತು, ಅದನ್ನೂ ನೋಡಿದರು. ಮತ್ತೆ ಮೊದಲನೆಯದು. ನಂತರ ಕುರ್ಚಿ ಹಿಂದಕ್ಕೆ ಸರಿಸಿ, ನೋಡಿ ಅಂದರು. ಸ್ಲೈಡು ಓದುವುದು ನನಗೆ ಬರುವುದಿಲ್ಲ, ಆದರೆ ಅಷ್ಟು ವರ್ಷ ನೋಡಿದ ಕಣ್ಣು. ತಿಳಿಯಾದ ಕೊಬ್ಬಿನ ನಡುವೆ ನೀಲಿ ಜೀವಕೋಶಗಳು ಸಾಲುಗಟ್ಟಿ ನುಗ್ಗಿದ್ದವು. ಮುದುಡಿರಲಿಲ್ಲ. ದಪ್ಪಗೆ, ತುಂಬಿಕೊಂಡು, ಅವು ಇರಬಾರದ ಜಾಗದಲ್ಲಿ.

"ಇದು ಒಣಗಿದ್ದರ ಕಪ್ಪಲ್ಲ," ಅಂದರು ಡಾಕ್ಟರು.

ಮುಂದಿನದನ್ನು ನೀವು ಸ್ತಿಮಿತದಿಂದ ಓದುವಂತಾಗಲಿ ಅಂತ ಈಗಲೇ ಹೇಳಿಬಿಡುತ್ತೇನೆ: ಪದ್ಮ ಬದುಕಿದಳು. ವರ್ಷಗಳ ನಂತರ ಮಕ್ತಲ್ ಬಸ್ ನಿಲ್ದಾಣದಲ್ಲಿ ಕಂಡೆ. ನನ್ನ ಗುರುತು ಸಿಗಲಿಲ್ಲ ಅವಳಿಗೆ. ನಾನೂ ಮಾತಾಡಿಸಲಿಲ್ಲ. ಗುರುತು ಹಿಡಿಯುವಂಥ ಕೆಲಸ ಅಲ್ಲ ನಮ್ಮದು, ಅದನ್ನು ಬಯಸಿ ಈ ಕೆಲಸಕ್ಕೆ ಬರಬೇಡಿ.

ಆ ಶುಕ್ರವಾರ ಡಾಕ್ಟರು ಗಂಡ ಹೆಂಡತಿಯನ್ನು ಒಳಗೆ ಕರೆದರು. ರೋಗಿಗೆ ಲ್ಯಾಬಿನವರು ಹೇಳುವ ಪದ್ಧತಿ ಇಲ್ಲ, ಆಪರೇಷನ್ ಮಾಡಿದ ಡಾಕ್ಟರು ಹೇಳಬೇಕು. ಮಕ್ತಲಿಗೆ ಫೋನ್ ಮಾಡಿ, ಅವರ ಒಪ್ಪಿಗೆ ಪಡೆದು ಇವರೇ ಹೇಳಿದರು. ಮೊದಲು ತೆಲುಗಿನಲ್ಲಿ ಶುರು ಮಾಡಿದರು. ಪದ್ಮ ಕನ್ನಡದಲ್ಲೇ ಹೇಳಿ ಅಂದಳು. ಕ್ಯಾನ್ಸರ್, ಸಣ್ಣದಿರುವಾಗಲೇ ಸಿಕ್ಕಿದೆ, ರಾಯಚೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಡ ಮೊಲೆ ತೆಗೆಸಬೇಕು, ಕಂಕುಳಲ್ಲೂ ನೋಡಬೇಕು, ಎಡಗೈ ಬಹಳ ದಿನ ಮೊದಲಿನಂತೆ ಏಳುವುದಿಲ್ಲ, ಔಷಧಿಯ ಕಾಲಕ್ಕೆ ಮಗುವಿಗೆ ಹಾಲು ಕೊಡುವಂತಿಲ್ಲ. ಒಂದೊಂದಾಗಿ ಹೇಳಿದರು.

ನರ್ಸಿಂಲು ಎದ್ದು ನಿಂತ. "ಅದು ಒಣಗಿತ್ತಲ್ರಿ ಸಾರ್. ಒಣಗಿದ್ದಕ್ಕ ಹಂಗ ಕಾಣ್ತಿರಬೇಕು. ನೀರು ಚೆಲ್ಲಿದ್ದು ನಾನೇ ಅಲ್ಲೇನ್ರಿ?"

ಅದಕ್ಕೇ ಐದು ದಿನ ಹಿಡಿಯಿತು, ಒಣಗದ ಜಾಗವನ್ನೇ ನೋಡಿದ್ದು ಅಂತ ಡಾಕ್ಟರು ಹೇಳಿದರು. ನೀರು ಚೆಲ್ಲಿದ್ದರಿಂದ ರೋಗ ಬರಲಿಲ್ಲ, ಹೋಗಲೂ ಇಲ್ಲ. ಅವನು ಕೂರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತ.

ಪದ್ಮ ಎದ್ದು ಹೊರಗಿನ ಬೆಂಚಿಗೆ ಹೋಗಿ, ಗೋಡೆಯ ಕಡೆ ತಿರುಗಿ ಕೂತು ಮಗುವಿಗೆ ಹಾಲು ಕೊಟ್ಟಳು. ರಿಪೋರ್ಟಿಗೆ ಬಂದವರು ಮೂರ್ನಾಲ್ಕು ಜನ ಇದ್ದರು, ಯಾರೂ ಅವಳ ಹತ್ತಿರ ಹೋಗಲಿಲ್ಲ. ಮಗು ಕುಡಿದು ತಾನಾಗಿ ಬಾಯಿ ಬಿಡುವ ತನಕ ಕೂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಗುವನ್ನು ಗಂಡನ ಕೈಗೆ ಕೊಟ್ಟಳು.

"ರಾಯಚೂರು ಬಸ್ಸು ಎಷ್ಟೊತ್ತಿಗೈತಿ ಅಕ್ಕಾರ?" ಅಂತ ನನ್ನನ್ನು ಕೇಳಿದಳು. ಹೇಳಿದೆ. ಗಂಡನ ಕಡೆ ತಿರುಗಿದಳು.

"ನೀ ಹೋಗಿ ಎಮ್ಮಿ ಹಾಲು ತಗೊಂಬಾ. ಸಂಜಿಗೆ ಇವನಿಗೆ ಲೋಟದಾಗ ಕುಡಿಸಿ ರೂಢಿ ಮಾಡು."

ಅವನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ, ಯಾವ ಕಡೆ ಹೋಗಬೇಕು ಅಂತ ತಿಳಿಯದೆ. ಡೈರಿ ಅಂಗಡಿ ಎಲ್ಲಿದೆ ಅಂತ ಕೇಳಿದ. ಜೊತೆಗೆ ಹೋಗಿ ತೋರಿಸಿದೆ.